ಶ್ರೀ ಜಗನ್ನಾಥದಾಸರು: ಒಪ್ಪಿಕೊಂಡ ತಪ್ಪು, ತೀರಿಸಿದ ಋಣ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಅಂದು ಭಕ್ತಿಯಿಂದ ಹರಿಕಥಾಮೃತಸಾರವನ್ನು ಪಾರಾಯಣ ಮಾಡುವ ನಾವು, ಆ ಗ್ರಂಥವನ್ನು ರಚಿಸಿದ ಮಹನೀಯರು ಒಂದು ಕಾಲದಲ್ಲಿ ದಾಸರ ಕನ್ನಡ ಪದಗಳನ್ನು ಹಗುರವಾಗಿ ಕಂಡಿದ್ದರೆಂಬುದನ್ನೂ ನೆನೆಯಬೇಕು.

ರಾಯಚೂರು ಜಿಲ್ಲೆಯ ಮಾನವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಅವತರಿಸಿದ ಇವರ ಮೊದಲಿನ ನಾಮಧೇಯ ಶ್ರೀನಿವಾಸಾಚಾರ್ಯ. ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ ಉದ್ದಾಮ ಪಂಡಿತರೆನಿಸಿದರು. ವಿದ್ಯೆಯೊಡನೆ ವಿದ್ಯಾಮದವೂ ಬಂದಿತು. ಶ್ರೀ ವಿಜಯದಾಸರು ಮಾನವಿಗೆ ದಯಮಾಡಿಸಿ ಪ್ರಸಾದಸ್ವೀಕಾರಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುವುದೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಯಿತು, ಉದರಶೂಲೆ ಅವರನ್ನು ಹಣ್ಣುಮಾಡಿತು ಎಂದು ಸಂಪ್ರದಾಯವು ಹೇಳುತ್ತದೆ.

ಮಂತ್ರಾಲಯದಲ್ಲಿ ಸೇವೆಗೆ ನಿಂತಾಗ, ವಿಜಯದಾಸರಿಗೇ ಶರಣಾಗಬೇಕೆಂದು ಶ್ರೀ ರಾಘವೇಂದ್ರಸ್ವಾಮಿಗಳು ಸ್ವಪ್ನದಲ್ಲಿ ಸೂಚಿಸಿದರೆಂಬುದು ಐತಿಹ್ಯ. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಎಲ್ಲವೂ ಪ್ರಾರಬ್ಧವೆಂದು ಹೇಳಿ ಆಚಾರ್ಯರು ಸುಮ್ಮನಿರಬಹುದಾಗಿತ್ತು. ಆದರೆ ಜೀವನ ಕರ್ತೃತ್ವವು ಪರಾಧೀನವಾದರೂ ಸುಳ್ಳಲ್ಲವೆಂಬ ಸಿದ್ಧಾಂತವನ್ನು ಓದಿದವರು ತಮ್ಮ ಮಾತಿನ ಹೊಣೆಯನ್ನು ದೈವದ ಮೇಲೆ ಹೊರಿಸಲಿಲ್ಲ. ಯಾರನ್ನು ಅವಗಣಿಸಿದ್ದರೋ ಅವರ ಪಾದಕ್ಕೇ ಎರಗಿ ಅಪರಾಧವನ್ನು ಒಪ್ಪಿಕೊಂಡರು.

ವಿಜಯದಾಸರು ಅವರನ್ನು ಉತ್ತನೂರಿನ ಶ್ರೀ ಗೋಪಾಲದಾಸರಲ್ಲಿಗೆ ಕಳುಹಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಉಣಿಸಿ, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಹಿರಿಯರು ಹೇಳುತ್ತಾರೆ. ಗೋಪಾಲದಾಸರು ನಡುವಯಸ್ಸಿನಲ್ಲಿಯೇ ಹರಿಪದವನ್ನು ಸೇರಿದರು. ಶ್ರೀನಿವಾಸಾಚಾರ್ಯರಾದರೋ 1809ರವರೆಗೆ ಬಾಳಿದರು.

ಕ್ಷಮೆ ದೊರೆತೊಡನೆ ಹೊಣೆ ಮುಗಿಯಲಿಲ್ಲ. ಪಂಢರಪುರದಲ್ಲಿ ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು, ತಾವು ಅಲ್ಲಗಳೆದಿದ್ದ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ, ಮಧ್ವಶಾಸ್ತ್ರದ ಸಾರವನ್ನು ಹೆಂಗಸರು ಮಕ್ಕಳೆನ್ನದೆ ಸರ್ವರಿಗೂ ಎಟಕುವಂತೆ ಮಾಡಿದರು. ಪರರು ಕೊಟ್ಟ ಆಯುಸ್ಸನ್ನು ಅವರು ತಮಗಾಗಿ ವ್ಯಯಿಸಲಿಲ್ಲ.

ನಾವೂ ದಿನಕ್ಕೊಂದು ನೆಪ ಹೇಳುವವರೇ. ನೊಂದವರ ಮನೆಯ ಬಾಗಿಲಿಗೆ ಹೋಗದೆ ದೇವರ ಮುಂದೆ ಮಾತ್ರ ತಪ್ಪುಕಾಣಿಕೆ ಇಟ್ಟರೆ ಸಾಲದು. ಒಪ್ಪಿಕೊಳ್ಳುವುದು ಮೊದಲ ಮೆಟ್ಟಿಲು, ಕೆಡಿಸಿದ್ದನ್ನು ಕಟ್ಟಿಕೊಡುವುದು ಎರಡನೆಯದು. ಈ ಎರಡನ್ನೂ ದಾಸಾರ್ಯರು ನಡೆದು ತೋರಿಸಿದ್ದಾರೆ. ಅವರ ಅನುಗ್ರಹದಿಂದ ನಮಗೂ ಆ ಧೈರ್ಯ ಲಭಿಸಲಿ.

ಶ್ರೀ ಕೃಷ್ಣಾರ್ಪಣಮಸ್ತು.