ಬಾಗಿಲ ಬಳಿ ನಿಂತು ವಿಶ್ವಾಸ ಹಂಚಿದ ಸಂತ ಜೋಸೆಫ್ ವಾಜರು

ಪ್ರಭು ಯೇಸುಕ್ರಿಸ್ತರು ಸಮಾರ್ಯದ ಸ್ತ್ರೀಗೆ ಜೀವಜಲದ ವಿಷಯವನ್ನು ತಿಳಿಸಿದ್ದು ದೇವಾಲಯದಲ್ಲಲ್ಲ, ನೀರು ಸೇದುವ ಬಾವಿಯ ಬಳಿಯಲ್ಲಿ. ಅಂದಿನಿಂದ ಇಂದಿನವರೆಗೆ ಶುಭಸಂದೇಶವು ಬಹುಮಟ್ಟಿಗೆ ಮನೆಯಂಗಳದಲ್ಲಿಯೂ ರೋಗಿಯ ಹಾಸಿಗೆಯ ಪಕ್ಕದಲ್ಲಿಯೂ ಆಡಿದ ಸರಳ ಮಾತುಗಳಿಂದಲೇ ಹಬ್ಬುತ್ತ ಬಂದಿದೆ. ಈ ಮಾರ್ಗದಲ್ಲಿ ನಡೆದ ಮಹಾಪುರುಷರಲ್ಲಿ, ನಮ್ಮ ಕನ್ನಡ ಕರಾವಳಿಯಲ್ಲಿಯೂ ಸೇವೆ ಸಲ್ಲಿಸಿದ ಸಂತ ಜೋಸೆಫ್ ವಾಜರು ಅಗ್ರಗಣ್ಯರು.

ಅವರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಬೆನೌಲಿಂ ಗ್ರಾಮದಲ್ಲಿ, ಕೊಂಕಣಿ ಮನೆಮಾತಿನ ಭಕ್ತ ಕುಟುಂಬದಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟು, ಆ ಪತ್ರವನ್ನು ಆಕೆಯ ಪಾದಗಳಿಗೆ ಅರ್ಪಿಸಿದರು. ಈ ದಾಸ್ಯಭಾವವೇ ಅವರ ಮುಂದಿನ ಬಾಳಿನ ಬುನಾದಿಯಾಯಿತು.

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಆಗ ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರಕ್ಕೆ ಸೇರಿದವರು, ರೋಮಿನಿಂದ ನೇಮಿತರಾದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೋ ಅವರನ್ನು ಅನುಸರಿಸುವವರು ಎಂದು ಕ್ರೈಸ್ತರು ಎರಡು ಪಕ್ಷವಾಗಿದ್ದರು. ವಾಜರು ಜಗಳಕ್ಕೆ ಇಂಬುಕೊಡಲಿಲ್ಲ. ಉಭಯ ಪಕ್ಷದವರೊಡನೆಯೂ ವಿನಯದಿಂದ ಮಾತನಾಡಿ, ವಿಶ್ವಾಸಿಗಳಿಗೆ ಸಂಸ್ಕಾರಗಳು ತಪ್ಪದಂತೆ ಶ್ರಮಿಸಿದರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಸಂಚರಿಸಿ ಚದುರಿದ್ದವರನ್ನು ಒಟ್ಟುಗೂಡಿಸಿದರು. ಮಂಗಳೂರಿನ ಸಮೀಪದ ಮುಡಿಪು ಬೆಟ್ಟದಲ್ಲಿ ಇಂದಿಗೂ ಅವರ ಸ್ಮರಣೆಯ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದ ವಾಜರ ಮನಸ್ಸು ಸಿಂಹಳದತ್ತ ಹರಿಯಿತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರದೂಡಿ, ಅವರಿಗೆ ಆಶ್ರಯ ಕೊಡುವುದನ್ನೂ ಅಪರಾಧವೆಂದು ಸಾರಿದ್ದರು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಒಂದು ತಲೆಮಾರೇ ಬೆಳೆದಿತ್ತು. ವಾಜರು ಗುರುವಸ್ತ್ರವನ್ನು ತೆಗೆದಿಟ್ಟು, ಬಡ ಕೂಲಿಯ ವೇಷದಲ್ಲಿ, ಜೋವಾನ್ ಎಂಬ ನಂಬಿಗಸ್ತ ಸಹಾಯಕನೊಡನೆ 1687ರಲ್ಲಿ ಯಾಳ್ಪಾಣವನ್ನು, ಎಂದರೆ ಜಾಫ್ನಾವನ್ನು, ತಲುಪಿದರು. ತಮಿಳು ಕಲಿತರು. ಆಮಶಂಕೆಯಿಂದ ಜರ್ಜರಿತರಾಗಿದ್ದರೂ ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಆ ಜಪಸರವನ್ನು ಕಂಡು ಯಾರ ಮುಖದಲ್ಲಿ ಭಾವ ಬದಲಾಗುವುದೋ ಅಲ್ಲಿ ಗುಪ್ತ ವಿಶ್ವಾಸಿಗಳಿರುವರೆಂದು ಅರಿತು, ಮೆಲ್ಲನೆ ಮಾತು ಬೆಳೆಸಿದರು. ಹೀಗೆ ಒಂದು ಹಿಡಿ ಅನ್ನವನ್ನು ಬೇಡಿದ ಬಾಗಿಲಲ್ಲಿಯೇ ಧರ್ಮಸಭೆಯು ಮತ್ತೆ ಚಿಗುರೊಡೆಯಿತು. ಸಿಲ್ಲಾಲೈ ಗ್ರಾಮದ ಭಕ್ತರು ತಮ್ಮ ಪ್ರಾಣಭಯವನ್ನು ಲೆಕ್ಕಿಸದೆ ಅವರಿಗೆ ಆಶ್ರಯವಿತ್ತರು.

1692ರಲ್ಲಿ ಕ್ಯಾಂಡಿಯನ್ನು ಪ್ರವೇಶಿಸಿದಾಗ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಡಲಾಯಿತು. ಅವರು ಸೆರೆಯನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡು ಸಿಂಹಳ ಭಾಷೆಯನ್ನು ಅಭ್ಯಸಿಸಿದರು. ಅವರ ನಿಷ್ಕಪಟ ನಡತೆಯಿಂದ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರಿಯನ ಸಂಶಯವು ಕ್ರಮೇಣ ಕರಗಿತು. 1697ರಲ್ಲಿ ನಗರಕ್ಕೆ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ, ವಾಜರು ಮತಭೇದವೆಣಿಸದೆ ಅವರನ್ನು ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ಅವರ ಬಾಯಿಮಾತಿಗೆ ಬೆಲೆ ಬಂದದ್ದು ಇಂತಹ ಕೈಗಳಿಂದ.

ಗುರುಗಳು ವಿರಳವಾದುದರಿಂದ ಅವರು ಗ್ರಾಮಗ್ರಾಮದಲ್ಲಿ ಹಿರಿಯರನ್ನೂ ಅಣ್ಣಾವಿ ಎಂಬ ಉಪದೇಶಿಗಳನ್ನೂ ನೇಮಿಸಿದರು. ನೆರೆಹೊರೆಯವರನ್ನು ಕೂಡಿಸಿ ಪ್ರಾರ್ಥಿಸುವುದು, ಮಕ್ಕಳಿಗೆ ಜಪಗಳನ್ನು ಕಲಿಸುವುದು ಇವರ ಹೊಣೆಯಾಯಿತು. 1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ಸ್ವರ್ಗಸ್ಥರಾದರೂ ವಿಶ್ವಾಸವು ನಂದಲಿಲ್ಲ. ಜಗದ್ಗುರು ಎರಡನೆಯ ಜಾನ್ ಪೌಲರು 1995ರಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೋದಲ್ಲಿ ಸಂತರೆಂದೂ ಘೋಷಿಸಿದರು.

ಪ್ರಿಯ ಭಕ್ತಾದಿಗಳೇ, ಚಂದ್ರಂಪಳ್ಳಿಯ ಸುತ್ತಣ ಈ ಸೀಮೆಯಲ್ಲಿ ನಮ್ಮ ದಿನಗಳು ಸೇಡಮಿನ ತೊಗರಿ ಹೊಲಗಳಲ್ಲಿ, ಶಹಾಬಾದದ ಕಲ್ಲುಗಣಿಗಳಲ್ಲಿ, ವಾಡಿಯ ರೈಲು ನಿಲ್ದಾಣದಲ್ಲಿ ಅನ್ಯಧರ್ಮೀಯ ಸಹೋದರರೊಡನೆಯೇ ಕಳೆಯುತ್ತವೆ. ಅಲ್ಲಿ ವಾದವನ್ನು ಗೆಲ್ಲಬೇಕಾಗಿಲ್ಲ, ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ವಾಜರಂತೆ ಜನರ ಭಾಷೆಯನ್ನು ಅರಿತು, ಅವರ ಕಷ್ಟದಲ್ಲಿ ಕೈಗೊಟ್ಟು, ಕೇಳಿದಾಗ ನಮ್ಮ ಭರವಸೆಯ ಕಾರಣವನ್ನು ಸಂಕೋಚವಿಲ್ಲದೆ ಹೇಳಿದರೆ ಸಾಕು. ಅವರ ಬಿನ್ನಹದಿಂದ ನಮ್ಮ ನಾಲಗೆಗೆ ಸೌಮ್ಯತೆಯೂ ನಮ್ಮ ಬಾಳಿಗೆ ಸಾಕ್ಷ್ಯದ ಬಲವೂ ಲಭಿಸಲಿ.