ಲಿಂಡಾ ಮನೆಯ ಹಬ್ಬದೂಟ

ಹಂಪನಕಟ್ಟೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೀನು, ಮಾಂಸ ಬಿಟ್ಟು ಆರು ತಿಂಗಳಾಯ್ತಂತೆ. ಬಿಟ್ಟದ್ದು ಅವರೊಬ್ಬರೇ. ಗಂಡನಿಗೂ ಮಕ್ಕಳಿಗೂ ಬಂಗುಡೆ ಗಸಿ ಇಲ್ಲದೆ ಅನ್ನ ಇಳಿಯುವುದಿಲ್ಲ. ಊಟಕ್ಕೆ ಕೂತರೆ ಗೇಲಿ ಶುರು, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ಅತ್ತೆಯೂ ಕೇಳ್ತಾರಂತೆ. ಮನೆಯವರನ್ನು ದಾರಿಗೆ ತರುವುದು ಹೇಗೆ ಎನ್ನುವುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಲಿಂಡಾ ಮೆಕಾರ್ಟ್ನಿಯ ಬದುಕಿನಲ್ಲಿ ಒಳ್ಳೆಯ ಉತ್ತರ ಇದೆ.

ಬೀಟಲ್ಸ್ ಹೆಸರು ನೀವು ಕೇಳಿರ್ತೀರಿ. ಆ ತಂಡದ ಪಾಲ್ ಮೆಕಾರ್ಟ್ನಿಯ ಹೆಂಡತಿ ಈಕೆ. ಆದರೆ ಪಾಲ್ ಸಿಗುವ ಮೊದಲೇ ಲಿಂಡಾಗೆ ತನ್ನದೇ ಹೆಸರಿತ್ತು.

ಹುಟ್ಟಿದ್ದು 1941ರಲ್ಲಿ, ಅಮೆರಿಕದ ಶ್ರೀಮಂತ ವಕೀಲರ ಮನೆಯಲ್ಲಿ. ಹುಟ್ಟುಹೆಸರು ಲಿಂಡಾ ಈಸ್ಟ್‌ಮನ್. ಕೊಡಾಕ್ ಕ್ಯಾಮೆರಾದ ಈಸ್ಟ್‌ಮನ್ ಕುಟುಂಬದ ಹುಡುಗಿ ಅಂತ ಜನ ಬಹಳ ಕಾಲ ನಂಬಿದ್ದರು. ಆ ಮನೆತನಕ್ಕೂ ಇವಳಿಗೂ ಸಂಬಂಧವೇ ಇರಲಿಲ್ಲ. 1962ರಲ್ಲಿ ತಾಯಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಮದುವೆ, ವರ್ಷದ ಕೊನೆಯ ದಿನ ಮಗಳು ಹೆದರ್ ಹುಟ್ಟಿದಳು. ಮೂರು ವರ್ಷದೊಳಗೆ ವಿಚ್ಛೇದನ. ಅರಿಜೋನಾದಲ್ಲಿ ಹೇಜಲ್ ಆರ್ಚರ್ ಎಂಬ ಶಿಕ್ಷಕಿಯ ಫೋಟೋಗ್ರಫಿ ತರಗತಿಗೆ ಹೋಗಿದ್ದಳು, ಕಲಿತದ್ದು ಅಷ್ಟೇ. ಪುಟ್ಟ ಮಗಳನ್ನು ಕಟ್ಟಿಕೊಂಡು ನ್ಯೂಯಾರ್ಕಿಗೆ ಬಂದು ಒಂದು ಪತ್ರಿಕೆಯ ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಆದಳು.

1966ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಡ್ಸನ್ ನದಿಯ ಹಡಗಿನಲ್ಲಿ ಪತ್ರಕರ್ತರನ್ನು ಕರೆದಿತ್ತು. ಆಫೀಸಿಗೆ ಬಂದ ಆಹ್ವಾನಪತ್ರಿಕೆಯನ್ನು ಲಿಂಡಾ ಎತ್ತಿಕೊಂಡು ಕ್ಯಾಮೆರಾ ಸಮೇತ ಹೋಗಿಬಿಟ್ಟಳು. ಅಲ್ಲಿಂದ ಅವಳ ದಾರಿಯೇ ಬೇರೆ. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜೋಪ್ಲಿನ್, ಡೋರ್ಸ್ ತಂಡ, ಎಲ್ಲರನ್ನೂ ತೆಗೆದಳು. 1968ರ ಮೇ ತಿಂಗಳಲ್ಲಿ ಅವಳು ತೆಗೆದ ಎರಿಕ್ ಕ್ಲಾಪ್ಟನ್ ಚಿತ್ರ 'ರೋಲಿಂಗ್ ಸ್ಟೋನ್' ಪತ್ರಿಕೆಯ ಮುಖಪುಟಕ್ಕೆ ಬಂತು. ಹೆಣ್ಣೊಬ್ಬಳು ತೆಗೆದ ಚಿತ್ರ ಆ ಪತ್ರಿಕೆಯ ಮುಖಪುಟ ಕಂಡದ್ದು ಅದೇ ಮೊದಲು.

1969ರ ಮಾರ್ಚ್ 12ರಂದು ಲಂಡನ್ನಿನಲ್ಲಿ ಪಾಲ್ ಜೊತೆ ಮದುವೆ. ಅಭಿಮಾನಿ ಹುಡುಗಿಯರಿಗೆ ಕೆಂಡದಂಥ ಕೋಪ. ಮುಂದಿನ ವರ್ಷ ಬೀಟಲ್ಸ್ ಒಡೆದು ಪಾಲ್ ಕುಗ್ಗಿಹೋದಾಗ ಗಂಡನನ್ನು ಹಿಡಿದು ನಿಲ್ಲಿಸಿದವಳೂ ಇವಳೇ. 1971ರಲ್ಲಿ ಪಾಲ್ 'ವಿಂಗ್ಸ್' ತಂಡ ಕಟ್ಟಿದಾಗ ಹೆಂಡತಿಯನ್ನೇ ಕೀಬೋರ್ಡಿಗೆ ಕೂರಿಸಿದ. ಅವಳಿಗೆ ಆಗಿನ್ನೂ ಅಕ್ಷರಾಭ್ಯಾಸ! ಗಂಡನೇ ಮೇಷ್ಟ್ರು. ಪತ್ರಿಕೆಗಳು ಮನಸೋ ಇಚ್ಛೆ ಹೀಗಳೆದವು, ಸ್ವರ ತಪ್ಪಿದ್ದನ್ನು ಎತ್ತಿ ಆಡಿದವು. ಆದರೂ ಮಕ್ಕಳನ್ನು ಜೊತೆಗೇ ಕರ್ಕೊಂಡು ಊರೂರು ತಿರುಗಿ ನುಡಿಸಿದಳು. 1973ರಲ್ಲಿ ಇಬ್ಬರು ಸದಸ್ಯರು ಕೊನೇ ಗಳಿಗೆಯಲ್ಲಿ ತಂಡ ಬಿಟ್ಟರು. ಉಳಿದ ಮೂವರಲ್ಲಿ ಲಿಂಡಾ ಒಬ್ಬಳು. ಆ ಮೂವರು ನೈಜೀರಿಯಾದ ಲಾಗೋಸಿಗೆ ಹೋಗಿ ಮಾಡಿದ 'ಬ್ಯಾಂಡ್ ಆನ್ ದ ರನ್' ವಿಂಗ್ಸ್‌ನ ಅತಿ ದೊಡ್ಡ ಗೆಲುವಾಯ್ತು. ನನ್ನನ್ನು ಕೇಳಿದರೆ, ಅವಳು ದೊಡ್ಡ ಗಾಯಕಿಯೇನಲ್ಲ. ಆದರೆ ನಗುವವರ ಎದುರು ಹತ್ತು ವರ್ಷ ನಿಲ್ಲುವುದು ತಮಾಷೆಯಾ ಹೇಳಿ?

ಈಗ ಊಟದ ವಿಷಯಕ್ಕೆ ಬರೋಣ. ಸ್ಕಾಟ್ಲೆಂಡಿನಲ್ಲಿ ಅವರಿಗೊಂದು ಫಾರ್ಮ್ ಇತ್ತು. 1970ರ ದಶಕದ ಒಂದು ಭಾನುವಾರ ತಟ್ಟೆಯಲ್ಲಿ ಕುರಿಮರಿಯ ತೊಡೆ, ಕಿಟಕಿಯಾಚೆ ಕುಣಿದಾಡುವ ಕುರಿಮರಿಗಳು. ಗಂಡ ಹೆಂಡತಿ ಇಬ್ಬರಿಗೂ ಒಮ್ಮೆಗೇ ಗಂಟಲಲ್ಲಿ ತುತ್ತು ನಿಂತಿತು. ಮಾಂಸ ಬಿಟ್ಟರು. ಒಂದು ಮಾತು ನೆನಪಿರಲಿ: ನಿರ್ಧಾರ ಇಬ್ಬರದ್ದು. ಪತ್ರ ಬರೆದವರಿಗೆ ಆ ಅನುಕೂಲ ಇಲ್ಲ, ಹಣ ಮತ್ತು ಫಾರ್ಮ್ ಅಂತೂ ಇಲ್ಲವೇ ಇಲ್ಲ.

ಬಿಟ್ಟ ಮೇಲೆ ಕಷ್ಟ ಶುರುವಾಯ್ತು. ತಟ್ಟೆಯ ನಡುವೆ ಮಾಂಸ ಇರ್ತಿದ್ದ ಜಾಗ ಖಾಲಿ. ಕ್ರಿಸ್‌ಮಸ್ ಬಂತು, ಟರ್ಕಿ ಕೋಳಿ ಕೊಯ್ದು ಬಡಿಸುವುದು ಮನೆಯ ಯಜಮಾನನ ಸಂಭ್ರಮ. ಲಿಂಡಾ ಚೀಸ್ ಹಾಕಿ ಮ್ಯಾಕರೋನಿ ಬೇಯಿಸಿ, ಆರಿಸಿ ಗಟ್ಟಿ ಮಾಡಿ ಗಂಡನ ಎದುರಿಟ್ಟಳು. ಅವನು ಅದನ್ನೇ ಹೋಳು ಹೋಳಾಗಿ ಕೊಯ್ದು ಬಡಿಸಿದ! ಅವಳ ಗುಟ್ಟು ಇಷ್ಟೇ. ಮನೆಯವರ ರುಚಿ, ರೂಢಿ ಮುಟ್ಟಲಿಲ್ಲ, ಒಳಗಿನ ವಸ್ತು ಮಾತ್ರ ಬದಲಿಸಿದಳು. ಸಾಸೇಜ್ ಸಾಸೇಜೇ, ಒಳಗೆ ಮಾತ್ರ ಸೋಯಾ.

ನಮ್ಮ ಮಂಗಳೂರಿನವರಿಗೆ ಇದು ಹೊಸತೇನಲ್ಲ. ಗುಜ್ಜೆಗೆ ಸುಕ್ಕದ ಮಸಾಲೆ ಬಿದ್ದರೆ ಮಕ್ಕಳು ಬೆರಳು ನೆಕ್ಕುವುದಿಲ್ವಾ? ಕೋರಿ ರೊಟ್ಟಿಯ ಗಸಿಗೆ ಅಣಬೆಯೋ ಕಡಲೆಯೋ ಹಾಕಿ ವಾರಕ್ಕೊಂದು ದಿನ ಇಟ್ಟು ನೋಡಿ. ಬಾಯಿ ಮಾತು ಬೇಡ. ಅವರ ಮೀನು ಅವರಿಗಿರಲಿ. ನಿಮ್ಮ ತಟ್ಟೆಯಲ್ಲಿ ಬೇಳೆಕಾಳು, ಹಾಲು, ಮೊಸರು ಕಡಿಮೆಯಾಗದಂತೆ ನೋಡ್ಕೊಳ್ಳಿ, ಸುಸ್ತು ಕಾಣಿಸಿದರೆ ಬಿ12 ಪರೀಕ್ಷೆ ಮಾಡಿಸಿ.

ಲಿಂಡಾಳ ಅಡುಗೆ ಪುಸ್ತಕ 1989ರಲ್ಲಿ ಬಂತು. 1991ರಲ್ಲಿ ಅವಳ ಹೆಸರಿನ ಫ್ರೋಜನ್ ಸಸ್ಯಾಹಾರ ಬ್ರಿಟನ್ನಿನ ಅಂಗಡಿಗಳಿಗೆ ಬಂತು. ವ್ರತದ ಊಟ ಅಂತ ಮೂಗು ಮುರಿಯುತ್ತಿದ್ದವರೂ ದುಡುಕಿ ಪೈ ಕೊಂಡರು. 1995ರಲ್ಲಿ ದಂಪತಿ 'ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಗೆ ದನಿ ಕೊಟ್ಟರು. ಮಾಂಸ ಬಿಟ್ಟ ಹುಡುಗಿ ಲೀಸಾ ಮುಂದೆಂದೂ ಮಾಂಸಕ್ಕೆ ಮರಳಬಾರದು ಅನ್ನೋ ಷರತ್ತಿನ ಮೇಲೆ!

ಅದೇ ವರ್ಷ ಅವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯ್ತು. ಸೊಪ್ಪು ತಿಂದವರಿಗೆ ಕ್ಯಾನ್ಸರ್ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಗಂಟು ಕಂಡರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. 1998ರ ಏಪ್ರಿಲ್ 17ರಂದು ಅರಿಜೋನಾದಲ್ಲಿ ಲಿಂಡಾ ತೀರಿಕೊಂಡಳು. ಆಗ 56 ವರ್ಷ. ಮಗಳು ಮೇರಿ ಕ್ಯಾಮೆರಾ ಹಿಡಿದು ಅಮ್ಮನ ವೃತ್ತಿಗೇ ಬಂದಳು. ಇನ್ನೊಬ್ಬಳು ಸ್ಟೆಲ್ಲಾ ಚರ್ಮ, ತುಪ್ಪಳ ಮುಟ್ಟದೆ ಉಡುಪು ವಿನ್ಯಾಸದಲ್ಲಿ ಹೆಸರು ಮಾಡಿದಳು. 2009ರಲ್ಲಿ ಇವರಿಬ್ಬರೂ ಅಪ್ಪನ ಜೊತೆ ಸೇರಿ ವಾರಕ್ಕೊಮ್ಮೆ, ಸೋಮವಾರ ಮಾತ್ರ ಮಾಂಸ ಬಿಡಿ ಎಂಬ ಆಂದೋಲನ ಶುರು ಮಾಡಿದರು.