ಲಿಲಿಯನ್ ಬೋರ್ಡ್: ಮ್ಯೂನಿಕ್‌ಗೆ ಮುನ್ನವೇ ಮುಗಿದ ಓಟ

1968ರ ಅಕ್ಟೋಬರ್ 16. ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮಹಿಳೆಯರ 400 ಮೀಟರ್ ಓಟದ ಅಂತಿಮ ಸ್ಪರ್ಧೆ. ಕೊನೆಯ ತಿರುವು ದಾಟಿ ನೇರ ಹಾದಿಗೆ ಹೊರಳಿದಾಗ ಎಲ್ಲರಿಗಿಂತ ಮುಂದಿದ್ದವಳು ಬ್ರಿಟನ್ನಿನ ಹತ್ತೊಂಬತ್ತರ ಹುಡುಗಿ ಲಿಲಿಯನ್ ಬೋರ್ಡ್. ಬ್ರಿಟಿಷ್ ಪತ್ರಿಕೆಗಳು ಆಕೆಯ ಕೊರಳಿಗೆ ಸ್ವರ್ಣ ಪದಕವನ್ನು ವಾರಗಳ ಹಿಂದೆಯೇ ತೊಡಿಸಿಬಿಟ್ಟಿದ್ದವು. ಉಳಿದದ್ದು ಔಪಚಾರಿಕತೆ ಮಾತ್ರ ಎಂಬಂತಿತ್ತು ಅವುಗಳ ಧಾಟಿ. ಅಷ್ಟರಲ್ಲಿ ಹಿಂದಿನಿಂದ ಕಪ್ಪು ಕೂದಲಿನ ಫ್ರೆಂಚ್ ಯುವತಿಯೊಬ್ಬಳು ನುಗ್ಗಿ ಬಂದಳು. ಹೆಸರು ಕೊಲೆಟ್ ಬೆಸ್ಸನ್. ಪದಕದ ಲೆಕ್ಕಾಚಾರದಲ್ಲಿ ಆಕೆಯನ್ನು ಇಟ್ಟುಕೊಂಡವರು ವಿರಳ. ಕೊನೆಯ ಹೆಜ್ಜೆಗಳಲ್ಲಿ ಆಕೆ ಲಿಲಿಯನ್‌ಳನ್ನು ದಾಟಿ ಗೆರೆ ಮುಟ್ಟಿದಳು.

ಬೆಸ್ಸನ್ 52.03 ಸೆಕೆಂಡ್, ಲಿಲಿಯನ್ 52.12 ಸೆಕೆಂಡ್. ಮೂರನೆಯವಳಾದ ಸೋವಿಯತ್ ಒಕ್ಕೂಟದ ನತಾಲಿಯಾ ಪೆಚೆಂಕಿನಾ 52.25. ಮೊದಲಿಬ್ಬರ ನಡುವಿನ ಅಂತರ ಒಂಬತ್ತು ಶತಾಂಶ ಸೆಕೆಂಡ್. ನೆಲದ ಮೇಲೆ ಅಳೆದರೆ ಒಂದು ಮೀಟರ್‌ಗೂ ಕಡಿಮೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದೇ ಒಂದು ಶತಾಂಶ ಸೆಕೆಂಡಿನಿಂದ ಪಿ.ಟಿ. ಉಷಾ ಅವರ ಕೈತಪ್ಪಿದ ಕಂಚನ್ನು ಮರೆಯದ ಭಾರತೀಯರಿಗೆ ಇಂತಹ ಅಂತರದ ಭಾರ ಎಷ್ಟೆಂದು ವಿವರಿಸಬೇಕಾಗಿಲ್ಲ. ಲಿಲಿಯನ್ ಬೋರ್ಡ್ ಎಂಬ ಹೆಸರು ಇಂದಿಗೂ ಬಹುಮಟ್ಟಿಗೆ ನೆನಪಾಗುವುದು ಈ ಸೋಲಿನಿಂದ, ಮತ್ತು ಅದಾದ ಎರಡೇ ವರ್ಷಕ್ಕೆ ಬಂದೆರಗಿದ ಸಾವಿನಿಂದ. ಇವೆರಡರ ನಡುವೆ ಆಕೆ ಓಡಿದ ಇನ್ನೊಂದು ಓಟವಿದೆ. ಮೆಕ್ಸಿಕೋದ ಗದ್ದಲದಲ್ಲಿ ಅದು ಮಸುಕಾಗಿದೆ.

ಲಿಲಿಯನ್ ಹುಟ್ಟಿದ್ದು 1948ರ ಡಿಸೆಂಬರ್ 13ರಂದು, ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ. ಜೊತೆಗೆ ಹುಟ್ಟಿದ ಅವಳಿ ಸಹೋದರಿಯೂ ಇದ್ದಳು. ತಂದೆ ಜಾರ್ಜ್ ಮತ್ತು ತಾಯಿ ಫ್ರಾನ್ಸಿಸ್ ಮೂಲತಃ ಮ್ಯಾಂಚೆಸ್ಟರ್ ಕಡೆಯವರು. ಮಕ್ಕಳು ಇನ್ನೂ ಹಸುಳೆಗಳಾಗಿರುವಾಗಲೇ ಕುಟುಂಬ ಬ್ರಿಟನ್ನಿಗೆ ಮರಳಿತು. ಕೆಲವು ವರ್ಷಗಳ ಬಳಿಕ ಪಶ್ಚಿಮ ಲಂಡನ್ನಿನ ಈಲಿಂಗ್ ಪ್ರದೇಶದಲ್ಲಿ ನೆಲೆನಿಂತಿತು. ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿಯ ಕಣ್ಣಿಗೆ ಬಿದ್ದ ಹುಡುಗಿ ಲಂಡನ್ ಒಲಿಂಪಿಯಾಡ್ಸ್ ಎಂಬ ಮಹಿಳಾ ಕ್ಲಬ್ ಸೇರಿದಳು. ಆರಂಭದಲ್ಲಿ ಆಕೆಯ ಒಲವು ಉದ್ದಜಿಗಿತದತ್ತ. ಓಟದ ದೂರ ನಿಧಾನವಾಗಿ ಬೆಳೆಯಿತು. ತರಬೇತುದಾರ ಹೊರಗಿನವರಲ್ಲ, ತಂದೆಯೇ. ಶಾಲೆ ಮುಗಿದ ಮೇಲೆ ಚಿಸ್ವಿಕ್ ಪಾಲಿಟೆಕ್ನಿಕ್‌ನಲ್ಲಿ ಕಾರ್ಯದರ್ಶಿ ಹುದ್ದೆಗೆ ಬೇಕಾದ ತರಬೇತಿ ಪಡೆದು, ಕಚೇರಿ ಕೆಲಸವನ್ನೂ ಮಾಡಿದಳು. ಅಂದಿನ ಅಥ್ಲೆಟಿಕ್ಸ್ ಹವ್ಯಾಸಿಗಳದು. ಪದಕ ಗೆದ್ದವರೂ ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಳ್ಳಬೇಕಿತ್ತು.

ಮಹಿಳೆಯರ 400 ಮೀಟರ್ ಕೂಡ ಆಗಿನ್ನೂ ಎಳೆಯ ಸ್ಪರ್ಧೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 800 ಮೀಟರ್ ಓಟ ನಡೆದಾಗ, ಹೆಂಗಸರು ಇಷ್ಟು ದಣಿಯುವುದು ನೋಡಲಾಗದು ಎಂದು ಹುಯಿಲೆಬ್ಬಿಸಿ, ಆ ಸ್ಪರ್ಧೆಯನ್ನೇ 1960ರವರೆಗೆ ಕಿತ್ತುಹಾಕಲಾಗಿತ್ತು. ಪುರುಷರು ಓಡಿ ಬಸವಳಿದರೆ ಅದು ಶೌರ್ಯ, ಮಹಿಳೆ ಬಸವಳಿದರೆ ಅಪಾಯ ಎಂಬ ವಿಚಿತ್ರ ತರ್ಕವದು. ಒಂದು ಸುತ್ತಿನ ಓಟ ಒಲಿಂಪಿಕ್ಸ್ ಪ್ರವೇಶಿಸಿದ್ದು 1964ರ ಟೋಕಿಯೋದಲ್ಲಿ. ಆಸ್ಟ್ರೇಲಿಯಾದ ಬೆಟ್ಟಿ ಕತ್‌ಬರ್ಟ್ ಮೊದಲ ಸ್ವರ್ಣ ಗೆದ್ದರು. ಬ್ರಿಟನ್ನಿನ ಆನ್ ಪ್ಯಾಕರ್ ಬೆಳ್ಳಿ ಪಡೆದು, ಕೆಲವೇ ದಿನಗಳಲ್ಲಿ 800 ಮೀಟರ್‌ನಲ್ಲಿ ಚಿನ್ನ ಗೆದ್ದರು. ಪ್ಯಾಕರ್ ತೆರವು ಮಾಡಿದ ಜಾಗಕ್ಕೆ ಬ್ರಿಟನ್ ಯಾರನ್ನೋ ಹುಡುಕುತ್ತಿತ್ತು.

1966ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಹದಿನೇಳರ ಲಿಲಿಯನ್ 440 ಗಜಗಳ ಓಟದಲ್ಲಿ ಐದನೆಯವಳಾದಳು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ ಮತ್ತು ಕಾಮನ್‌ವೆಲ್ತ್ ತಂಡಗಳ ನಡುವಣ ಪಂದ್ಯದಲ್ಲಿ ಕೊನೆಯ ಹಂತದಲ್ಲಿ ಎದುರಾಳಿಗಳನ್ನು ಹಿಂದಿಕ್ಕಿ 52.8 ಸೆಕೆಂಡ್‌ಗಳಲ್ಲಿ 400 ಮೀಟರ್ ಗೆದ್ದಾಗ, ಹದಿನೆಂಟರ ಟೈಪಿಸ್ಟ್ ಹುಡುಗಿ ರಾತ್ರೋರಾತ್ರಿ ಮನೆಮಾತಾದಳು. ಹೊಂಬಣ್ಣದ ಕೂದಲು, ಸದಾ ಅರಳಿದ ಮುಖ, ಕ್ಯಾಮೆರಾಗಳಿಗೆ ಅಂಜದ ಸ್ವಭಾವ. ಪತ್ರಿಕೆಗಳು ಚಿನ್ನದ ಹುಡುಗಿ ಎಂದು ಕರೆದವು. ಆ ಬಿರುದಿನಲ್ಲಿಯೇ ಮುಂದಿನ ಪೇಚು ಅಡಗಿತ್ತು. ಚಿನ್ನದ ಹುಡುಗಿ ಬೆಳ್ಳಿ ತಂದರೆ ಏನೆಂದು ಕರೆಯುವುದು?

ಅತ್ತ ಬೆಸ್ಸನ್ ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯವಳು, ದೈಹಿಕ ಶಿಕ್ಷಣ ಶಿಕ್ಷಕಿ. ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಗೆ ದೇಹ ಹೊಂದಿಸಲೆಂದು ಆಕೆ ಪಿರನೀಸ್ ಪರ್ವತದ ಫಾಂಟ್-ರೋಮೊದಲ್ಲಿ ಬಿಡಾರ ಹೂಡಿ ಅಭ್ಯಾಸ ಮಾಡಿದ್ದಳು. ನಾನೂರು ಮೀಟರ್ ಓಟದ ಮರ್ಮವೇ ಕೊನೆಯ ನೂರು ಮೀಟರ್. ಮೊದಲ ಮುನ್ನೂರು ಮೀಟರ್‌ಗಳಲ್ಲಿ ಸ್ನಾಯುಗಳು ಉಸಿರು ಪೂರೈಸಬಲ್ಲದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಸಾಲ ಮಾಡಿರುತ್ತವೆ. ಕೊನೆಯ ನೂರರಲ್ಲಿ ಆ ಸಾಲದ ವಸೂಲಿ. ಅಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ. ಹಿಂದಿನಿಂದ ನುಗ್ಗಿ ಬಂದಂತೆ ಕಾಣುವವರು ವಾಸ್ತವದಲ್ಲಿ ಉಳಿದವರಿಗಿಂತ ಕಡಿಮೆ ನಿಧಾನವಾಗುತ್ತಿರುತ್ತಾರೆ, ಅಷ್ಟೆ. ಬೇರೆ ಬೇರೆ ಲೇನ್‌ಗಳಲ್ಲಿ ಓಡುವುದರಿಂದ ಮುಂದಿರುವವಳಿಗೆ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದೂ ತಿಳಿಯದು. ಮೆಕ್ಸಿಕೋದಲ್ಲಿ ಲಿಲಿಯನ್ ವಿಷಯದಲ್ಲಿ ಆದದ್ದು ಇದೇ. ಗೆದ್ದ ಬೆಸ್ಸನ್ ಪದಕದ ಕಟ್ಟೆಯ ಮೇಲೆ ಕಣ್ಣೀರಿಟ್ಟಳು. ಅದೇ ದಿನ ಪುರುಷರ 200 ಮೀಟರ್ ಪದಕ ಪ್ರದಾನದಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನೆತ್ತಿ ಪ್ರತಿಭಟಿಸಿದರು. ಜಗತ್ತಿನ ಗಮನವೆಲ್ಲ ಅತ್ತ ಹರಿಯಿತು. ಬ್ರಿಟನ್ನಿನ ಓದುಗರಿಗೆ ಮಾತ್ರ ಹುಡುಗಿಯ ಬೆಳ್ಳಿ ಪದಕವೇ ಕೊರಗಾಯಿತು. ಹತ್ತೊಂಬತ್ತರ ವಯಸ್ಸಿನಲ್ಲಿ ಜಗತ್ತಿನ ಎರಡನೆಯ ವೇಗದ ಓಟಗಾರ್ತಿಯಾಗುವುದು ಸೋಲು ಹೇಗಾದೀತು ಎಂದು ಕೇಳುವ ವ್ಯವಧಾನ ಯಾರಿಗೂ ಇದ್ದಂತಿಲ್ಲ.

ಹನ್ನೊಂದು ತಿಂಗಳ ನಂತರ, 1969ರ ಸೆಪ್ಟೆಂಬರ್‌ನಲ್ಲಿ, ಅಥೆನ್ಸ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. ಲಿಲಿಯನ್ ಈ ಬಾರಿ ವೈಯಕ್ತಿಕ 400 ಮೀಟರ್ ಬಿಟ್ಟು 800 ಮೀಟರ್ ಆರಿಸಿಕೊಂಡಿದ್ದಳು. ಕಣದಲ್ಲಿ ವಿಶ್ವದಾಖಲೆಯ ಒಡತಿ, ಯುಗೊಸ್ಲಾವಿಯಾದ ವೆರಾ ನಿಕೋಲಿಚ್ ಇದ್ದಳು. ಲಿಲಿಯನ್ 2 ನಿಮಿಷ 1.4 ಸೆಕೆಂಡ್‌ಗಳಲ್ಲಿ ಕೂಟ ದಾಖಲೆಯೊಡನೆ ಗೆದ್ದಳು. ಡೆನ್ಮಾರ್ಕಿನ ಅನೆಲಿಸ್ ಡ್ಯಾಮ್ ಓಲೆಸನ್ ಎರಡನೆಯ ಸ್ಥಾನಕ್ಕೆ, ನಿಕೋಲಿಚ್ ಮೂರಕ್ಕೆ ತೃಪ್ತಿಪಟ್ಟರು.

ಇದಕ್ಕಿಂತ ಮಿಗಿಲಾದದ್ದು ನಂತರ ಬಂದ 4x400 ಮೀಟರ್ ರಿಲೇ. ಮಹಿಳೆಯರಿಗೆ ಈ ಸ್ಪರ್ಧೆ ಯುರೋಪಿಯನ್ ಕೂಟದಲ್ಲಿ ಇದೇ ಮೊದಲು. ಫ್ರಾನ್ಸ್ ತಂಡ ಬಲಾಢ್ಯವಾಗಿತ್ತು. ಅಥೆನ್ಸ್‌ನ 400 ಮೀಟರ್ ಅಂತಿಮ ಓಟದಲ್ಲಿ ಆ ದೇಶದ ನಿಕೋಲ್ ಡ್ಯೂಕ್ಲೋ ಮತ್ತು ಬೆಸ್ಸನ್ ಇಬ್ಬರೂ 51.7 ಸೆಕೆಂಡ್‌ಗಳ ವಿಶ್ವದಾಖಲೆ ಬರೆದಿದ್ದರು. ಕೂದಲೆಳೆಯ ಅಂತರದಲ್ಲಿ ಗೆಲುವು ಡ್ಯೂಕ್ಲೋ ಪಾಲಾಗಿತ್ತು. ಬ್ರಿಟನ್ ಪರ ರೋಸ್‌ಮೇರಿ ಸ್ಟರ್ಲಿಂಗ್, ಪ್ಯಾಟ್ ಲೋ, ಜಾನೆಟ್ ಸಿಂಪ್ಸನ್ ಓಡಿ, ಕೊನೆಯದಾಗಿ ಬ್ಯಾಟನ್ ಲಿಲಿಯನ್ ಕೈಗೆ ಬಂತು. ಫ್ರಾನ್ಸಿನ ಕೊನೆಯ ಓಟಗಾರ್ತಿ ಬೆಸ್ಸನ್. ಮತ್ತು ಆಕೆ ಹಲವು ಮೀಟರ್‌ಗಳಷ್ಟು ಮುಂದಿದ್ದಳು.

ಮೆಕ್ಸಿಕೋದ ದೃಶ್ಯ ಇಲ್ಲಿ ತಿರುಗಾಮುರುಗಾ ಆಯಿತು. ಬೆನ್ನಟ್ಟುವ ಸರದಿ ಈಗ ಲಿಲಿಯನ್‌ಳದು. ಅಂತರವನ್ನು ಒಂದೇ ಏಟಿಗೆ ಮುಗಿಸಲು ಹೊರಟು ದಣಿಯದೆ, ಸ್ವಲ್ಪಸ್ವಲ್ಪವಾಗಿ ಕರಗಿಸುತ್ತ ಬಂದಳು. ನೇರ ಹಾದಿಗೆ ಬಂದಾಗಲೂ ಬೆಸ್ಸನ್ ಮುಂದೆಯೇ. ಕೊನೆಯ ಹೆಜ್ಜೆಯಲ್ಲಿ ಲಿಲಿಯನ್ ಎದೆ ಮುಂದೊಡ್ಡಿ ಗೆರೆ ದಾಟಿದಳು. ಎರಡೂ ತಂಡಗಳಿಗೆ ನೀಡಲಾದ ಸಮಯ ಒಂದೇ: 3 ನಿಮಿಷ 30.8 ಸೆಕೆಂಡ್, ವಿಶ್ವದಾಖಲೆ. ಗೆದ್ದವರು ಯಾರೆಂದು ಛಾಯಾಚಿತ್ರ ಹೇಳಬೇಕಾಯಿತು. ಅದು ಬ್ರಿಟನ್ ಎಂದಿತು. ಮೆಕ್ಸಿಕೋದಲ್ಲಿ ಕೂದಲೆಳೆಯಲ್ಲಿ ಗೆದ್ದಿದ್ದ ಬೆಸ್ಸನ್, ಅಥೆನ್ಸ್‌ನಲ್ಲಿ ಅಷ್ಟೇ ಅಂತರದಲ್ಲಿ ಎರಡು ಬಾರಿ ಸೋತಳು. ಲಿಲಿಯನ್‌ಳ ನಿಜವಾದ ಎತ್ತರ ಅಳೆಯಬೇಕಾದದ್ದು ಈ ಒಂದು ಸುತ್ತಿನಿಂದ.

1970ರ ಹೊಸ ವರ್ಷದ ಗೌರವ ಪಟ್ಟಿಯಲ್ಲಿ ಆಕೆಗೆ ಎಂಬಿಇ ಪ್ರಶಸ್ತಿ ಬಂತು. ಆಗ ವಯಸ್ಸು ಇಪ್ಪತ್ತೊಂದು. ಮುಂದಿನ ಗುರಿ ನಿಚ್ಚಳವಾಗಿತ್ತು: 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 800 ಮೀಟರ್. ಆ ವರ್ಷದ ಮೇ ತಿಂಗಳಲ್ಲಿ ರೋಮ್‌ನಲ್ಲಿ ಒಂದು ಮೈಲಿಯನ್ನು 4 ನಿಮಿಷ 44.6 ಸೆಕೆಂಡ್‌ಗಳಲ್ಲಿ ಓಡಿ, ದೂರದ ಓಟಕ್ಕೂ ತಾನು ಸಿದ್ಧ ಎಂದು ತೋರಿಸಿಕೊಟ್ಟಳು.

ಆದರೆ ಹೊಟ್ಟೆನೋವು ಕಾಡತೊಡಗಿತ್ತು. ಜೂನ್ 20ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ 800 ಮೀಟರ್‌ನಲ್ಲಿ ಲಿಲಿಯನ್ ಮೂರನೆಯವಳಾದಳು. ಅದೇ ಆಕೆಯ ಕೊನೆಯ ಓಟ. ಜುಲೈನಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕೂಟಕ್ಕೆ ಹೋಗಲಾಗಲಿಲ್ಲ; ಅಲ್ಲಿ 800 ಮೀಟರ್ ಗೆದ್ದವಳು ಅಥೆನ್ಸ್ ರಿಲೇಯ ಜೊತೆಗಾತಿ ರೋಸ್‌ಮೇರಿ ಸ್ಟರ್ಲಿಂಗ್. ಶರತ್ಕಾಲದ ಹೊತ್ತಿಗೆ ಪರೀಕ್ಷೆಗಳು ಕಾರಣ ಬಯಲು ಮಾಡಿದವು: ಕರುಳಿನ ಕ್ಯಾನ್ಸರ್. ಇಪ್ಪತ್ತರ ಹರೆಯದಲ್ಲಿ, ಅದೂ ದಿನವಿಡೀ ಬೆವರು ಹರಿಸುವ ಕ್ರೀಡಾಪಟುವಿನಲ್ಲಿ, ಇಂತಹದೊಂದನ್ನು ಶಂಕಿಸುವವರು ಆಗ ಅಪರೂಪ. ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ರೋಗ ಆಗಲೇ ಹರಡಿತ್ತು. ಬ್ರಿಟನ್ನಿನ ವೈದ್ಯರ ಬಳಿ ಬದುಕಿಸುವ ದಾರಿ ಉಳಿದಿರಲಿಲ್ಲ.

ಆಗ ಕುಟುಂಬದ ಕಣ್ಣು ಜರ್ಮನಿಯತ್ತ ಹೊರಳಿತು. ಬವೇರಿಯಾದ ಟೆಗರ್ನ್‌ಸೀ ಸರೋವರದ ದಂಡೆಯ ರೊಟಾಖ್-ಎಗರ್ನ್ ಎಂಬಲ್ಲಿ ಜೋಸೆಫ್ ಇಸೆಲ್ಸ್ ಎಂಬ ವೈದ್ಯರ ಚಿಕಿತ್ಸಾಲಯವಿತ್ತು. ಬೇರೆಡೆ ಕೈಬಿಟ್ಟ ರೋಗಿಗಳನ್ನು ಅವರು ಸ್ವೀಕರಿಸುತ್ತಿದ್ದರು. ಕ್ಯಾನ್ಸರ್ ಇಡೀ ದೇಹದ ರೋಗ, ದೇಹದ ಪ್ರತಿರೋಧ ಶಕ್ತಿಯನ್ನು ಹೆಚ್ಚಿಸಿದರೆ ಮಣಿಸಬಹುದು ಎಂಬುದು ಅವರ ವಾದ. ಕಟ್ಟುನಿಟ್ಟಿನ ಪಥ್ಯ, ಲಸಿಕೆಗಳು, ಪರ್ವತ ನಡಿಗೆ ಇತ್ಯಾದಿ ಚಿಕಿತ್ಸೆಯ ಭಾಗ. ಒಮ್ಮೆ ಶಿಕ್ಷೆಗೊಳಗಾಗಿ, ಮರುವಿಚಾರಣೆಯಲ್ಲಿ 1964ರಲ್ಲಿ ಖುಲಾಸೆಯಾದ ವಿವಾದಿತ ವ್ಯಕ್ತಿ ಅವರು. 1970ರ ನವೆಂಬರ್‌ನಲ್ಲಿ ಬಿಬಿಸಿ ಅವರ ಕುರಿತ ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಅದೇ ತಿಂಗಳು ಲಿಲಿಯನ್ ಅಲ್ಲಿಗೆ ತೆರಳಿದಳು. ಜೊತೆಗೆ ಹೋದವರಲ್ಲಿ ಆಕೆ ಮದುವೆಯಾಗಬೇಕಿದ್ದ ಕ್ರೀಡಾ ಪತ್ರಕರ್ತ ಡೇವಿಡ್ ಎಮೆರಿಯೂ ಇದ್ದರು. ಬ್ರಿಟನ್ನಿನಲ್ಲಿ ದಿನಕ್ಕೊಂದು ಸುದ್ದಿ, ಪರ ವಿರೋಧದ ವಾದ. ಹಾಸಿಗೆಯ ಮೇಲಿದ್ದ ಹುಡುಗಿ ಮತ್ತೊಮ್ಮೆ ಮುಖಪುಟಕ್ಕೆ ಬಂದಳು. 1971ರಲ್ಲಿ ಬ್ರಿಟಿಷ್ ತಜ್ಞರ ತಂಡವೊಂದು ಅಲ್ಲಿಗೆ ಭೇಟಿ ನೀಡಿ, ಆ ಚಿಕಿತ್ಸೆ ಗೆಡ್ಡೆಗಳ ಬೆಳವಣಿಗೆಯನ್ನು ತಡೆಯುತ್ತದೆ ಎನ್ನಲು ಪುರಾವೆಯಿಲ್ಲವೆಂದು ವರದಿ ಮಾಡಿತು. ಹಾಗೆಂದು, ಎಲ್ಲ ಬಾಗಿಲು ಮುಚ್ಚಿದ ಮೇಲೆ ತೆರೆದಿದ್ದ ಒಂದನ್ನು ತಟ್ಟಿದ ಕುಟುಂಬವನ್ನು ದೂರುವುದೂ ಸಲ್ಲ.

ಡಿಸೆಂಬರ್ 13ರಂದು ಲಿಲಿಯನ್‌ಗೆ ಇಪ್ಪತ್ತೆರಡು ತುಂಬಿತು. ದಿನಗಳಲ್ಲೇ ಸ್ಥಿತಿ ಬಿಗಡಾಯಿಸಿ ಮ್ಯೂನಿಕ್‌ನ ವಿಶ್ವವಿದ್ಯಾಲಯ ಆಸ್ಪತ್ರೆಗೆ ಒಯ್ಯಲಾಯಿತು. ಕ್ರಿಸ್ಮಸ್ ಮರುದಿನ, 1970ರ ಡಿಸೆಂಬರ್ 26ರಂದು ಆಕೆ ಅಲ್ಲಿಯೇ ಕೊನೆಯುಸಿರೆಳೆದಳು. ಮುಂದಿನ ತಿಂಗಳು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸ್ಮರಣ ಪ್ರಾರ್ಥನೆ ನಡೆಯಿತು. ಎಮೆರಿ ಆಕೆಯ ಜೀವನ ಕಥೆ ಬರೆದರು. ಪುಸ್ತಕ 1971ರಲ್ಲಿ ಹೊರಬಂತು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಗೆದ್ದವಳು ಆತಿಥೇಯ ಪಶ್ಚಿಮ ಜರ್ಮನಿಯ ಹಿಲ್ಡೆಗಾರ್ಡ್ ಫಾಲ್ಕ್. ಮಹಿಳೆಯರ 4x400 ರಿಲೇ ಅಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿತು. ಪೂರ್ವ ಜರ್ಮನಿ ಗೆದ್ದಿತು. ಬೆಸ್ಸನ್ ಮತ್ತು ಡ್ಯೂಕ್ಲೋ ಇದ್ದ ಫ್ರಾನ್ಸ್ ನಾಲ್ಕನೆಯದು, ಸ್ಟರ್ಲಿಂಗ್ ಮತ್ತು ಸಿಂಪ್ಸನ್ ಇದ್ದ ಬ್ರಿಟನ್ ಐದನೆಯದು. ಬೆಸ್ಸನ್ 2005ರ ಆಗಸ್ಟ್‌ನಲ್ಲಿ, 59ರ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯನ್ನು ಕೊಂಡೊಯ್ದದ್ದೂ ಕ್ಯಾನ್ಸರ್. ಮ್ಯೂನಿಕ್‌ನ ಒಲಿಂಪಿಕ್ ಉದ್ಯಾನದಲ್ಲಿ ಒಂದು ಹಾದಿಯಿದೆ. ಆ ಒಲಿಂಪಿಕ್ಸ್‌ನಲ್ಲಿ ಓಡದ ಲಿಲಿಯನ್ ಬೋರ್ಡ್‌ಳ ಹೆಸರನ್ನು ಅದಕ್ಕೆ ಇಡಲಾಗಿದೆ.